ಕಂಬಳಿ ಮುಚ್ಚಿದ ಕುರ್ಚಿ

ವೇದಿಕೆಯ ಮೇಲಿರುವ ವೆದರ್ಬೀ ಕಾಲೇಜಿನ ಅಧ್ಯಕ್ಷರಾದ ಡಾಕ್ಟರ್ ಲೂಮಿಸ್ ಅವರೇ, ಕ್ರೀಡಾ ವಿಭಾಗದ ನಿರ್ದೇಶಕಿ ಶ್ರೀಮತಿ ಆಲ್ಡ್ರಿಚ್ ಅವರೇ, ಇಂದಿನ ಸನ್ಮಾನಿತರಾದ ಕೋಚ್ ಓರಿನ್ ಬರ್ಡಿಕ್ ಅವರೇ, ಈ ಸಭಾಂಗಣವನ್ನು ಬಿಟ್ಟುಕೊಟ್ಟ ನಮ್ಮೂರ ಅಗ್ನಿಶಾಮಕ ದಳದವರೇ, ಹೊರಗೆ ಹೊಗೆಯಲ್ಲಿ ನಿಂತು ಕೋಳಿ ಸುಟ್ಟವರೇ, ಬಲೆ ಕಟ್ಟಿದ ಕೋಲಿನಲ್ಲಿ ಚೆಂಡಾಡುವ ನಮ್ಮ ಲ್ಯಾಕ್ರೋಸ್ ತಂಡದ ಹಳೆಯ ಆಟಗಾರರೇ, ಈ ವರ್ಷ ಸೋತ ಹುಡುಗರೇ, ಅವರನ್ನು ಹೆತ್ತವರೇ, ಸಭಿಕರೇ.

ನಾನು ಬರ್ನಿಸ್ ಗುರ್ಸ್ಕಿ. ಗೋಲ್‌ಕೀಪರ್ ಕ್ಯಾಸ್‌ನ ತಾಯಿ, ಆಟಗಾರರ ತಂದೆತಾಯಂದಿರ ಸಂಘದ ಮುಖ್ಯಸ್ಥೆ. ಇಲ್ಲಿರುವ ಅರ್ಧ ಜನರನ್ನು ಚಿಕ್ಕವರಿದ್ದಾಗ ಶಾಲೆಯ ಹಳದಿ ಬಸ್ಸಿನಲ್ಲಿ ಹೊತ್ತು ತಿರುಗಿದವಳು. ಹಾಗಾಗಿ ಮೈಕನ್ನು ಸ್ವಲ್ಪ ಆಚೆಗೆ ಸರಿಸುತ್ತೇನೆ. ಬಸ್ಸಿನ ಕೊನೆಯ ಸೀಟಿನವನಿಗೆ "ಕೂತ್ಕೊಳ್ಳೋ" ಎಂದು ಕೂಗಿ ಕೂಗಿ ಪಳಗಿದ ಗಂಟಲು ಇದು.

ನನಗೆ ಇಂದು ಎರಡು ಕೆಲಸ ಒಪ್ಪಿಸಿದ್ದಾರೆ. ಒಂದು, ಐದು ನಿಮಿಷ ಕೋಚ್ ಅವರ ಗುಣಗಾನ ಮಾಡುವುದು. ಎರಡು, ನನ್ನ ಹಿಂದೆ ಕಂಬಳಿ ಹೊದ್ದು ನಿಂತಿರುವ ಉಡುಗೊರೆಯನ್ನು ಅವರಿಗೆ ಅರ್ಪಿಸುವುದು. ಉಡುಗೊರೆ ಏನೆಂಬುದು ಗುಟ್ಟಂತೆ. ಕಂಬಳಿಯ ಕೆಳಗೆ ನಾಲ್ಕು ಕಾಲು ಕಾಣುತ್ತಿವೆ, ಮೇಲೆ ಬೆನ್ನು ಕಾಣುತ್ತಿದೆ. ಇದು ಕುದುರೆಯಲ್ಲ ಎಂದು ನಿಮಗೆಲ್ಲ ಗೊತ್ತು. ಕಪ್ಪು ಬಣ್ಣದ, ಬೆನ್ನಿನಲ್ಲಿ ಚಿನ್ನದ ಬಣ್ಣದ ಮುದ್ರೆ ಇರುವ ಕಾಲೇಜಿನ ಕುರ್ಚಿ. ಇದನ್ನು ಯಾರಿಗೆ ಕೊಡುತ್ತಾರೆಂಬುದೂ ನಿಮಗೆ ಗೊತ್ತು. ಗ್ರಂಥಾಲಯದ ಮಿಸ್ ಹೋಬರ್ಟ್‌ಗೆ ಕೊಟ್ಟರು, ಮರುವಾರ ಅವರ ಮೇಜಿನಲ್ಲಿ ಬೇರೊಬ್ಬರಿದ್ದರು. ಈ ಕುರ್ಚಿ ತೆಗೆದುಕೊಂಡು ಮನೆಗೆ ಹೋದವರು ಯಾರಾದರೂ ಮತ್ತೆ ಕೆಲಸಕ್ಕೆ ಬಂದದ್ದುಂಟೇ? ಕೂತು ಸುಧಾರಿಸಿಕೊಳ್ಳಿ ಎಂದು ಮರ್ಯಾದೆಯಿಂದ ಬಾಗಿಲು ತೋರಿಸುವ ರೀತಿ ಇದು. ಆಮಂತ್ರಣದಲ್ಲಿ ಮಾತ್ರ ಸನ್ಮಾನ ಎಂದು ಅಚ್ಚಾಗಿದೆ.

ಶ್ರೀಮತಿ ಆಲ್ಡ್ರಿಚ್ ಈಗಾಗಲೇ ಗಡಿಯಾರ ನೋಡುತ್ತಿದ್ದಾರೆ. ಗುಣಗಾನಕ್ಕೆ ಬರುತ್ತೇನೆ.

ಕೋಚ್ ಬರ್ಡಿಕ್ ಅವರ ಕೈಕೆಳಗೆ ಈ ವರ್ಷ ನಾವು ಎರಡು ಆಟ ಗೆದ್ದೆವು. ಮುಚ್ಚಿಡುವುದೇಕೆ? ಅದರಲ್ಲಿ ಒಂದು ಮಾರ್ಚ್ ತಿಂಗಳಲ್ಲಿ. ಎದುರಾಳಿಗಳ ಎರಡು ವ್ಯಾನುಗಳಲ್ಲಿ ಒಂದು ಹಿಮದಲ್ಲಿ ಸಿಕ್ಕಿಹಾಕಿಕೊಂಡು, ಅವರು ಅರ್ಧ ತಂಡದೊಂದಿಗೆ ಆಡಿದ ದಿನ. ಆ ದಿನ ನಮ್ಮ ಹುಡುಗರು ಮೈದಾನದ ಹಿಮ ಎತ್ತಿ ಎತ್ತಿ ಸುಸ್ತಾಗಿದ್ದರು, ಆದರೂ ಗೆದ್ದರು. ಎರಡನೆಯ ಗೆಲುವು ಹೇಗಾಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಕೋಚ್ ಅವರಿಗೂ ಗೊತ್ತಿಲ್ಲವೆಂದು ಕಾಣುತ್ತದೆ, ನಗುತ್ತಿದ್ದಾರೆ ನೋಡಿ. ಉಳಿದದ್ದೆಲ್ಲ ಸೋಲು. ಕಳೆದ ವರ್ಷವೂ ಸೋಲು. ಅದರ ಹಿಂದಿನ ವರ್ಷವೂ ಸೋಲು.

ಆಟ ಮುಗಿದ ಮೇಲೆ ಗಾಡಿಗಳ ಹಿಂಬಾಗಿಲು ತೆರೆದು ಎರಡೂ ತಂಡದ ಹುಡುಗರಿಗೆ ಊಟ ಹಾಕುವುದು ನಮ್ಮ ಸಂಘದ ಕೆಲಸ. ಉಪ್ಪುನೀರಿನಲ್ಲಿ ಬೇಯಿಸಿದ ಸಣ್ಣ ಆಲೂಗಡ್ಡೆಯ ಹಂಡೆ ನನ್ನದು. ಆ ಹಂಡೆಯ ಸುತ್ತ ಈ ವರ್ಷ ನಡೆದಷ್ಟು ಚರ್ಚೆ ಕಾಲೇಜಿನ ಯಾವ ತರಗತಿಯಲ್ಲೂ ನಡೆದಿರಲಾರದು.

"ಈಯಪ್ಪನ ಕಾಲ ಮುಗೀತು ಕಣ್ರೀ," ಎಂದರು ಡಗ್. ಅಲ್ಲಿ ಮೂರನೆಯ ಮೇಜಿನಲ್ಲಿ ಕೂತು ಕೋಳಿ ಕಚ್ಚುತ್ತಿದ್ದಾರಲ್ಲ, ಅವರೇ. "ಇನ್ನೂ ಗೋಡೆಗೆ ಚೆಂಡು ಹೊಡೀರಿ, ಎಡಗೈಲಿ ಹೊಡೀರಿ ಅಂತಾನೆ. ಮೇರಿಲ್ಯಾಂಡ್ ಕಡೆಯವ್ರು ಮೇಲಿಂದ ಡ್ರೋನ್ ಬಿಟ್ಟು ಆಟದ ವೀಡಿಯೊ ತೆಗೀತಾರೆ."

"ಮೇಲಿಂದ ನೋಡಿದ್ರೂ ನಾವು ಸೋತಿದ್ದೇ ಕಾಣೋದು ಬಿಡ್ರೀ," ಎಂದು ಇನ್ಯಾರೋ ಅಂದರು.

ಎಲ್ಲರಿಗಿಂತ ಜೋರಾಗಿ ಮಾತಾಡಿದವಳು ನಾನು. ಅದೂ ನಿಮಗೆ ಗೊತ್ತಿದೆ. ನಾನು ಕೋಚ್ ಅವರ ಅಭಿಮಾನಿಯಲ್ಲ, ಇಂದೂ ಅಲ್ಲ. ಒಬ್ಬ ಆಟಗಾರ ಶಿಕ್ಷೆಗೆ ಹೊರಗೆ ಕೂತಾಗ ಉಳಿದವರನ್ನು ಹೇಗೆ ನಿಲ್ಲಿಸಬೇಕೆಂದು ಅವರಿಗೆ ಮೂರು ವರ್ಷದಲ್ಲಿ ಹೊಳೆದಿಲ್ಲ. ನನಗೆ ಹೊಳೆದಿದೆ, ಬೇಲಿಯಾಚೆಯಿಂದ ಕೂಗಿ ಹೇಳಿಯೂ ಇದ್ದೇನೆ.

ಹೌದು, ಬೇಲಿ ಹಿಡಿದು ನಿಲ್ಲುವವಳು ನಾನೇ. ದಿನವಿಡೀ ಬಸ್ಸಿನಲ್ಲಿ ಕೂತಿರುತ್ತೇನೆ, ಆಟದಲ್ಲಿ ಮಾತ್ರ ನನ್ನಿಂದ ಕೂರಲಾಗುವುದಿಲ್ಲ. ಆಟದ ಒಂದೊಂದು ಭಾಗ ಮುಗಿದಾಗಲೂ ತಂಡಗಳು ಕಡೆ ಬದಲಿಸುತ್ತವೆ, ನಾನೂ ಮಗನ ಗೋಲಿನ ಹಿಂದೆಯೇ ಆ ತುದಿಯಿಂದ ಈ ತುದಿಗೆ ಓಡುತ್ತೇನೆ. ಯಾಕೆ ಎಂದು ಕೇಳುತ್ತೀರಾ? ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಗೋಲ್‌ಕೀಪರ್ ಆದವನು ಆಟವಿಡೀ ಮಾತಾಡುತ್ತಲೇ ಇರಬೇಕು. ಚೆಂಡು ಎಲ್ಲಿದೆ, ಯಾರು ಬರುತ್ತಿದ್ದಾರೆ, ಯಾರನ್ನು ಯಾರು ಹಿಡಿಯಬೇಕು ಎಂದು ಮುಂದೆ ನಿಂತವರಿಗೆ ಕೂಗಿ ಹೇಳುತ್ತಲೇ ಇರಬೇಕು. "ಎಡಕ್ಕೆ, ಎಡಕ್ಕೆ, ಹಿಂದೆ ಬಂದ, ನಾನಿದ್ದೀನಿ, ನಾನಿದ್ದೀನಿ." ಮನೆಯಲ್ಲಿ ನನ್ನ ಮಗ ಹೂಂ, ಊಹೂಂ ಎರಡೇ ಮಾತಾಡುವುದು. ಅವನ ದನಿ ಕೇಳಬೇಕಾದರೆ ನಾನು ಗೋಲಿನ ಹಿಂದೆಯೇ ನಿಲ್ಲಬೇಕು.

ಚಿಕ್ಕಂದಿನಲ್ಲಿ ಹಾಗಿರಲಿಲ್ಲ, ವಾಚಾಳಿ. ಅವನು ಎಂಟನೆಯ ತರಗತಿಯಲ್ಲಿದ್ದಾಗ ಒಂದು ದಿನ ಮನೆಯ ಹಿಂದೆ ಮಾಂಸ ಸುಡುತ್ತಿದ್ದೆವು. ಅರ್ಧ ಊಟದಲ್ಲಿ ಗ್ಯಾಸ್ ಮುಗಿಯಿತು. "ನೀವು ತಿಂತಾ ಇರಿ, ಇನ್ನೊಂದು ಸಿಲಿಂಡರ್ ತಂದ್ಬಿಡ್ತೀನಿ," ಎಂದು ನನ್ನ ಗಂಡ ರೇ ಎದ್ದುಹೋದ. ಅವನೀಗ ಅರಿಝೋನಾದಲ್ಲಿದ್ದಾನೆ. ಗ್ಯಾಸ್ ಸಿಲಿಂಡರ್ ತರಲು ಅಷ್ಟು ದೂರ ಹೋಗಬೇಕಿರಲಿಲ್ಲ, ಪೆಟ್ರೋಲ್ ಬಂಕಿನಲ್ಲೇ ಸಿಗುತ್ತಿತ್ತು. ನಗಿರಿ, ನಾನೂ ಹೀಗೆಯೇ ಹೇಳಿಕೊಂಡು ನಗುತ್ತೇನೆ. ಕ್ಯಾಸ್ ಆ ಸಂಜೆ ತಟ್ಟೆ ಮುಂದಿಟ್ಟುಕೊಂಡು ಕತ್ತಲಾಗುವವರೆಗೆ ಹಿತ್ತಿಲಲ್ಲೇ ಕೂತಿದ್ದ. ಈ ವಿಷಯ ಇಲ್ಲಿ ಅಗತ್ಯವಿರಲಿಲ್ಲ. ಎಲ್ಲಿದ್ದೆ? ಬೇಲಿಯ ಹತ್ತಿರ.

ಮೊದಲನೆಯ ವರ್ಷ ಕೋಚ್ ನನ್ನ ಬಳಿ ಬಂದು, "ಬರ್ನಿಸ್ ಅವ್ರೇ, ಒಂದ್ಸಲ ಕೂತ್ಕೊಂಡು ನೋಡಿ. ನೀವು ಆ ಕಡೆ ಈ ಕಡೆ ಓಡಾಡಿದ್ರೆ ಅವನ ಕಣ್ಣು ಚೆಂಡು ಬಿಟ್ಟು ನಿಮ್ಮ ಹಿಂದೇನೇ ಓಡಾಡುತ್ತೆ," ಎಂದರು.

"ಓಹೋ, ನೀವು ಸೋಲೋದಕ್ಕೆ ನಾನು ಕಾರಣಾನಾ?" ಎಂದೆ ನಾನು.

"ಅದಕ್ಕೆ ಹೇಳಿಲ್ಲ ನಾನು," ಎಂದು ಹೋದರು. ಮತ್ತೆ ಆ ಮಾತು ಎತ್ತಲಿಲ್ಲ.

ಇನ್ನು ಗ್ರಾನ್ಬಿ ಕಾಲೇಜಿನವರ ಜೊತೆಗಿನ ಆಟ. ಇಪ್ಪತ್ತೆರಡು–ಮೂರು. ಅಂಥ ದಿನಗಳಲ್ಲಿ ಒಂದು ರೂಢಿ ಇದೆ. ಗೋಲುಗಳ ಸುರಿಮಳೆ ಶುರುವಾದಾಗ ಕೋಚ್ ಆದವನು ಗೋಲ್‌ಕೀಪರನನ್ನು ಹೊರಗೆ ಕರೆದು, ಹೆಗಲ ಮೇಲೆ ಕೈ ಹಾಕಿ, ಕಾಯುತ್ತಿರುವ ಇನ್ನೊಬ್ಬ ಹುಡುಗನನ್ನು ಒಳಗೆ ಕಳಿಸುತ್ತಾನೆ. ಅದು ಕರುಣೆ. ಸೋಲುವವರಿಗೂ ಒಂದು ಮರ್ಯಾದೆ ಬೇಡವೇ? ಬರ್ಡಿಕ್ ಕರೆಯಲಿಲ್ಲ. ಹತ್ತಾಯಿತು, ಕರೆಯಲಿಲ್ಲ. ಹದಿನೈದಾಯಿತು, ಕರೆಯಲಿಲ್ಲ. ಆ ಗಟ್ಟಿ ರಬ್ಬರ್ ಚೆಂಡು ನನ್ನ ಮಗನ ತೊಡೆಗೆ, ಭುಜಕ್ಕೆ ಬಡಿಯುವ ಸದ್ದು ನಾನು ನಿಂತಲ್ಲಿಗೆ ಕೇಳುತ್ತಿತ್ತು. ಅವನೋ ಕೊನೆಯವರೆಗೂ ಕೂಗುತ್ತಲೇ ಇದ್ದ, ನಾನಿದ್ದೀನಿ, ನಾನಿದ್ದೀನಿ ಎಂದು.

ಊಟದ ಹೊತ್ತಿಗೆ ಸೌಟು ಕೈಯಲ್ಲೇ ಹಿಡಿದು ನೇರ ಕೋಚ್ ಮುಂದೆ ಹೋಗಿ ನಿಂತೆ. ಎರಡೂ ತಂಡದವರು ನೋಡುತ್ತಿದ್ದರು.

"ನನ್ನ ಮಗನ್ನ ಯಾಕ್ರೀ ಹೊರಗೆ ಕರೀಲಿಲ್ಲ?"

"ಅದು ನನ್ನ ತೀರ್ಮಾನ, ಬರ್ನಿಸ್ ಅವ್ರೇ."

"ಮನುಷ್ಯರು ಮಾಡೋ ತೀರ್ಮಾನಾನಾ ಅದು? ನಿಮ್ಮ ಮಗ ಆಗಿದ್ರೆ ಬಿಡ್ತಿದ್ರಾ?"

ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಾನು ಇನ್ನೂ ಏನೇನು ಅಂದೆನೋ, ಕೆಲವು ಮಾತು ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಹೇಳುವಂಥದ್ದಲ್ಲ. ಎಲ್ಲ ಮುಗಿದ ಮೇಲೆ, "ಆಲೂಗಡ್ಡೆ ಆರ್ತಾ ಇದೆ, ಹುಡುಗರು ಹಸ್ಕೊಂಡಿದಾರೆ," ಎಂದರು. ಅಷ್ಟೇ. ಮರುದಿನವೇ ನಾನು, ಡಗ್, ಇನ್ನು ಕೆಲವರು ಡಾಕ್ಟರ್ ಲೂಮಿಸ್ ಅವರ ಕೋಣೆಗೆ ಹೋದೆವು. ಈ ಮನುಷ್ಯ ಬೇಡ ಎಂದೆವು. ಮಾತಾಡಿದವಳು ನಾನು, ತಲೆಯಾಡಿಸಿದವರು ಡಾಕ್ಟರ್ ಲೂಮಿಸ್. ಅದರ ಫಲವೇ ಈ ಕಂಬಳಿ. ಅಂದಿನಿಂದ ಕ್ಯಾಸ್‌ನ ಹೂಂ, ಊಹೂಂ ಕೂಡ ನಿಂತುಹೋಯಿತು.

ಗೊತ್ತು, ಶ್ರೀಮತಿ ಆಲ್ಡ್ರಿಚ್, ಐದು ನಿಮಿಷ ಆಯಿತು. ಅರ್ಪಿಸುತ್ತೇನೆ, ಅರ್ಪಿಸದೆ ಎಲ್ಲಿಗೆ ಹೋಗಲಿ?

ನನ್ನ ಬಳಿ ಪಿಕಪ್ ಗಾಡಿ ಇದೆ ಎಂದು ಈ ಕುರ್ಚಿಯನ್ನು ನನ್ನ ಗ್ಯಾರೇಜಿಗೆ ತಂದಿಳಿಸಿದ್ದರು. ಗುರುವಾರ ಸಂಜೆ ಅದರ ಧೂಳು ಒರೆಸುತ್ತಿದ್ದೆ. ಕ್ಯಾಸ್ ಬಂದು ಬಾಗಿಲಲ್ಲಿ ನಿಂತ. ಕುರ್ಚಿ ನೋಡಿದ. ನನ್ನನ್ನು ನೋಡಿದ. ಮುಂದಿನದನ್ನು ಇಲ್ಲಿ ಹೇಳಬಾರದೆಂದು ನಿಶ್ಚಯಿಸಿಕೊಂಡೇ ಬಂದಿದ್ದೆ. ನನ್ನ ಬಾಯಿ ನನ್ನ ಮಾತನ್ನು ಯಾವತ್ತು ಕೇಳಿದೆ?

"ಅವ್ರು ಕರೆದಿದ್ರಮ್ಮಾ," ಎಂದ.

"ಯಾರು? ಎಲ್ಲಿಗೆ?"

"ಕೋಚ್. ಗ್ರಾನ್ಬಿ ಆಟದಲ್ಲಿ. ಅರ್ಧ ಆಟದ ಬಿಡುವಲ್ಲೇ ಬಂದು, ಸಾಕು ಕಣೋ, ನೀನು ಹೊರಗೆ ಬಾ ಅಂದ್ರು. ನಾನೇ ಬರಲ್ಲ ಅಂದೆ."

"ಯಾಕೋ?"

"ನಮ್ಮನೇಲಿ ಅರ್ಧಕ್ಕೇ ಎದ್ದು ಹೋದೋರು ಒಬ್ರಿದಾರಲ್ಲ, ಅಷ್ಟು ಸಾಕು ಅಂದೆ."

ನನ್ನ ಕೈಯಲ್ಲಿ ಧೂಳಿನ ಬಟ್ಟೆ ಹಾಗೆಯೇ ಇತ್ತು. "ಅದಕ್ಕವ್ರು ಏನಂದ್ರು?" ಎಂದು ಕೇಳಿದೆ.

"ಹೆಲ್ಮೆಟ್ ಪಟ್ಟಿ ಸರಿಮಾಡಿ ವಾಪಸ್ ಕಳಿಸಿದ್ರು. ಅಮ್ಮಂಗೆ ಇದನ್ನ ಹೇಳ್ಬೇಡಿ ಅಂದೆ. ಆಯ್ತು, ನಿಮ್ಮಮ್ಮನ ಬೈಗುಳ ನನಗಿರ್ಲಿ ಅಂದ್ರು."

ಸಭಿಕರೇ, ಮಕ್ಕಳನ್ನು ಹಿಂದಿನ ಕನ್ನಡಿಯಲ್ಲಿ ನೋಡುತ್ತಾ ಇಷ್ಟು ವರ್ಷ ಬಸ್ ಓಡಿಸಿದವಳು ನಾನು. ಯಾರ ಜೇಬಿನಲ್ಲಿ ಕಪ್ಪೆ ಇದೆ ಎಂದು ಮುಖ ನೋಡಿ ಹೇಳುತ್ತಿದ್ದೆ. ನನ್ನ ಮಗ ಬೇಲಿಯ ಕಡೆ ಯಾಕೆ ತಿರುತಿರುಗಿ ನೋಡುತ್ತಿದ್ದ ಎಂಬುದು ನನಗೆ ತಿಳಿಯಲಿಲ್ಲ. ನಾನು ಇನ್ನೂ ಅಲ್ಲಿದ್ದೇನೆಯೇ ಎಂದು ನೋಡುತ್ತಿದ್ದ. ಆಡುವುದು ಬಿಟ್ಟು ತಾಯಿ ಇದ್ದಾಳೋ ಹೋದಳೋ ಎಂದು ಎಣಿಸುತ್ತಿದ್ದ. ಇದು ಕೋಚ್‌ಗೆ ಮೊದಲ ವರ್ಷವೇ ತಿಳಿದಿತ್ತು. ಹೇಳಬಾರದೆಂದಿದ್ದೆ, ಹೇಳಿಬಿಟ್ಟೆ.

ಇವತ್ತು ಸಂಜೆ ಗಾಡಿ ನಿಲ್ಲಿಸಿ ಕುರ್ಚಿ ಇಳಿಸಲು ಒದ್ದಾಡುತ್ತಿದ್ದೆ. ಕ್ಯಾಸ್ ಮುಟ್ಟುವುದಿಲ್ಲ ಎಂದು ನಡೆದೇ ಬಂದಿದ್ದ. ಯಾರೋ ಬಂದು ಇನ್ನೊಂದು ತುದಿ ಹಿಡಿದರು. ನೋಡಿದರೆ ಕೋಚ್. ತಮ್ಮ ಕುರ್ಚಿಯನ್ನು ತಾವೇ ಹೊತ್ತು ಒಳಗೆ ತಂದರು, ಸ್ವಾಮಿ. ಕಂಬಳಿಯ ಒಳಗೆ ಏನಿದೆ ಎಂದು ಕೇಳಲೂ ಇಲ್ಲ. ಮೆಟ್ಟಿಲು ಹತ್ತುವಾಗ, "ಬೇಸಿಗೆಲಿ ಅವನು ಗೋಡೆಗೆ ಚೆಂಡು ಹೊಡೀತಿರ್ಲಿ, ಬರ್ನಿಸ್ ಅವ್ರೇ, ಎಡಗೈಲಿ. ಮುಂದಿನ ವರ್ಷ ಬೇಕಾಗುತ್ತೆ," ಎಂದರು. ಮುಂದಿನ ವರ್ಷ. ಯಾರ ಮುಂದಿನ ವರ್ಷ?

ಈ ಹುಡುಗರನ್ನು ಕಾಲೇಜಿನ ತಂಡಕ್ಕೆ ಸೇರಿಸಿಕೊಳ್ಳಲು ಕೋಚ್ ನನ್ನ ಅಡುಗೆಮನೆಗೆ ಬಂದದ್ದು ನೆನಪಿದೆ. ಡಗ್, ನಿಮ್ಮ ಮನೆಗೂ ಬಂದಿದ್ದರು. ನನ್ನ ಕೈಯ ಪಿಯೆರೋಗಿ, ಆಲೂಗಡ್ಡೆ ತುಂಬಿದ ಕಡುಬು, ತಿಂದು, ಬೆಣ್ಣೆ ಸಾಲದು ಎಂದರು. ಆಮೇಲೆ, "ಗೆಲ್ಲಿಸ್ತೀನಿ ಅಂತ ಹೇಳಲ್ಲ. ನಾಲ್ಕು ವರ್ಷ ಇವನ ಜೊತೆ ಇರ್ತೀನಿ," ಎಂದರು. ಮೂರು ವರ್ಷವಾಗಿದೆ. ಅವರು ಎದ್ದು ಹೋಗುತ್ತಿಲ್ಲ, ನಾವು ಎಬ್ಬಿಸುತ್ತಿದ್ದೇವೆ. ಮುಂದಿನ ವರ್ಷವೂ ಸೋಲಬಹುದು. ಸೋತರೆ ಮೊದಲು ಕೂಗುವವಳು ನಾನೇ, ಕೋಚ್, ಅದರಲ್ಲಿ ಅನುಮಾನ ಬೇಡ. ಆದರೆ ಆಟ ನಡೆಯುತ್ತಿರುವಾಗ ಹೊರಗೆ ಕರೆಯುವುದು ಬೇಡ.

ಆಯಿತು, ಶ್ರೀಮತಿ ಆಲ್ಡ್ರಿಚ್, ಆಯಿತು. ಕಂಬಳಿ ತೆಗೆಯುತ್ತೇನೆ. ನೋಡಿ, ಒಳ್ಳೆಯ ಕುರ್ಚಿ. ಮುದ್ರೆ ಹೊಳೆಯುತ್ತಿದೆ, ನಾನೇ ಒರೆಸಿದ್ದು. ಡಾಕ್ಟರ್ ಲೂಮಿಸ್, ಫೋಟೋಗೆ ಎದ್ದು ನಿಂತಿದ್ದೀರಿ, ಒಂದು ನಿಮಿಷ. ಮೂರು ವರ್ಷ ಬೇಲಿ ಹಿಡಿದು ನಿಂತು ನನ್ನ ಕಾಲು ಬಿದ್ದುಹೋಗಿದೆ.

ಹಾಂ. ಕೂತೆ.

ಮೈಕ್ ಅಲ್ಲೇ ಉಳಿಯಿತು, ಆದರೂ ಹಿಂದಿನ ಮೇಜಿನವರಿಗೆ ಕೇಳುತ್ತಿದೆಯಷ್ಟೇ? ಈ ಕುರ್ಚಿಯ ಮುದ್ರೆ ಬೆನ್ನಿಗೆ ಒತ್ತುತ್ತದೆ, ಯಾರಿಗೂ ಕೊಡುವಂಥದ್ದಲ್ಲ. ನಾನು ಕೂತಿರುವವರೆಗೆ ಇದನ್ನು ಯಾರಿಗೂ ಕೊಡಲಾಗದು. ನಾನು ಏಳುವವಳಲ್ಲ. ನನ್ನನ್ನು ಎತ್ತಬೇಕೆಂದರೆ ಡಗ್, ನಿಮ್ಮಂಥವರು ನಾಲ್ವರು ಬೇಕು.

ಕ್ಯಾಸ್, ಬಾಗಿಲ ಹತ್ತಿರ ನಿಂತಿದ್ದೀಯಲ್ಲ, ಒಳಗೆ ಬಾ. ಅಮ್ಮ ಇಲ್ಲೇ ಕೂತಿದ್ದಾಳೆ ನೋಡು. ಇನ್ನು ಈ ಕಡೆ ತಿರುಗಿ ತಿರುಗಿ ನೋಡಬೇಡ, ಚೆಂಡು ನೋಡು.

ಕೋಳಿ ಸುಟ್ಟವರಿಗೆ, ಸಭಾಂಗಣ ಕೊಟ್ಟವರಿಗೆ, ಇಷ್ಟು ಹೊತ್ತು ತಾಳಿಕೊಂಡ ಅಧ್ಯಕ್ಷರಿಗೆ, ನನ್ನ ಬೈಗುಳ ತಿಂದವರಿಗೆ, ನಿಮಗೆಲ್ಲರಿಗೂ ನಾನು ಕೃತಜ್ಞಳು. ಎದ್ದು ನಿಂತು ಕೈಮುಗಿಯಬೇಕಿತ್ತು, ಕ್ಷಮಿಸಿ. ಕೂತಲ್ಲಿಂದಲೇ ನಮಸ್ಕಾರ.