ಕಳಸಗಿತ್ತಿಯ ಸೀರೆ

ಮಾಘದ ಬಿಸಿಲು. ನಿಂಬರ್ಗಾದ ಕಣಗಳಲ್ಲಿ ತೊಗರಿ ಬಡಿಯುವ ಕೆಲಸ ಜೋರಾಗಿತ್ತು. ಯಾಕೂಬಸಾಬ ತೊಗರಿಚೀಲದ ಮೇಲೆ ಕುಳಿತು ಆಳಂದದ ಬಸ್ಸು ಕಾಯುತ್ತಿದ್ದಾಗ, ಮದುವೆ ಮನೆಯಿಂದ ಸಿಟ್ಟಿನಲ್ಲಿ ಬಂದ ಗೌರಾಬಾಯಿ ಪಕ್ಕದಲ್ಲೇ ಟ್ರಂಕು ಕುಕ್ಕಿದಳು. ಹಿಂದೆಯೇ ಅವಳ ತಮ್ಮ, ಬಾಸಿಂಗ ಕಟ್ಟಿದ ಮದುಮಗ ಮಲ್ಲಣ್ಣ, ಓಡಿಬಂದ. ಸಾಬ ಮುಖ ಆಚೆ ತಿರುಗಿಸಿದ; ಕಿವಿ ಮಾತ್ರ ಇಲ್ಲೇ ಇತ್ತು.

“ಯಕ್ಕಾ, ಅಕ್ಕಿಕಾಳು ಬೀಳೂ ಹೊತ್ತಾತು, ಬಾ.”

“ನಾ ಯಾಕ? ಮದಿವಿ ನೋಡಾಕ ಬಂದ ಜರ್ಮನಿ ಬಾಯಿ ನಿನ್ನ ಹಿಂದ ಕಳಸ ಹಿಡದು ನಿಂತಾಳಲ್ಲ, ಆಕೀನ ನಿನ್ನ ಅಕ್ಕ.”

“ಫೋಟೊಕ್ಕ ಹಿಡೀಲಿ ಅಂತ ಅತ್ತಿ ಕೊಟ್ಟಳು.”

“ಅಕ್ಕಗ ಉಡಸೂ ಸೀರೀನೂ ಆಕಿಗೇ ಉಡಸೀರಿ. ಅದೂ ಫೋಟೊಕ್ಕೇನಲೇ?”

“ತಪ್ಪಾತು. ಈಗ ಕಳಸ ಕೇಳಿದ್ರ ಆ ಬಾಯಿ ಯಾರಿಗೂ ಕೊಡವಲ್ಲಳು. ಕೆಳಗ ಇಡಬಾರದು, ಒಡಹುಟ್ಟಿದಾಕೀನ ಹಿಡೀಬೇಕು ಅಂತ ಯಾರೋ ತಿಳಿಸ್ಯಾರ. ನೀ ಬಂದ್ರ ನಿನ್ನ ಕೈಗೇ ಕೊಡ್ತಾಳಂತ, ಕಣ್ಣಸನ್ನಿ ಮಾಡಿ ಹೇಳಾಕತ್ತಾಳ.”

“ಅವಾಗಿಂದ ಹಿಡಕೊಂಡೇ ನಿಂತಾಳ?”

“ಕೈ ಗಡಗಡ ನಡಗಾಕತ್ತಾವ.”

“ಅಯ್ಯ ಹುಚ್ಚಿ! ಎತ್ತು ಟ್ರಂಕು.”

“ಮತ್ತ ಸೀರಿ?”

“ಉಟ್ಟದ್ದು ಬಿಚ್ಚಸ್ತೀ ಏನ? ಇರಲಿ ಆಕಿಗೇ. ನಂದು ಬಾಕಿ ಇಟಗೋ. ನಿನ್ನ ಮಗನ ಜವಳದಾಗ ಎರಡು ವಸೂಲ ಮಾಡ್ತೇನಿ.”

ರುಮಾಲಿನ ಮೇಲೆ ಟ್ರಂಕು ಹೊತ್ತ ಮದುಮಗ ಮುಂದೆ, ಅಕ್ಕ ಹಿಂದೆ, ಹಂದರದ ಕಡೆ ಓಡಿದರು.