ಬೆಂಕಿಗೆ ಬಿದ್ದ ಹಿಟ್ಟು

ಸ್ಪೇನಿನ ಟೊಲೆಡೊದಲ್ಲಿ ಊರಿಗೆಲ್ಲ ರೊಟ್ಟಿ ಬೇಯುವ ಒಲೆಯ ಮುಂದೆ, ಸಾಲಿನಲ್ಲಿ ನನಗಿಂತ ಮುಂದಿದ್ದ ಬ್ರಿಯಾಂಡ ತನ್ನ ಹಿಟ್ಟಿನ ಮುದ್ದೆಯಿಂದ ಒಂದು ಚೂರು ಚಿವುಟಿ ಬೆಂಕಿಗೆಸೆದಳು. ಅವಳ ಅತ್ತೆ ಥಟ್ಟನೆ ಕೈ ಹಿಡಿದಳು.

"ಏನೇ ಮಾಡ್ದೆ?" ಎಂದು ಪಿಸುಗುಟ್ಟಿದಳು.

"ರೊಟ್ಟಿ ಚೆನ್ನಾಗಿ ಉಬ್ಬುತ್ತೆ ಅತ್ತೆ. ನಮ್ಮಜ್ಜಿ ಹೇಳ್ಕೊಟ್ಟಿದ್ದು."

"ಅದು ಯೆಹೂದಿಗಳು ಮಾಡೋದು ಕಣೇ."

"ಅಯ್ಯೋ, ನಮ್ಮಜ್ಜಿ ಕ್ರೈಸ್ತಳು!"

"ಜೀವ ಉಳಿಸ್ಕೊಳ್ಳೋಕೆ ಆದ್ಲು. ಇಷ್ಟೇ ಹಿಟ್ಟು ಎಸೆದಿದ್ದಕ್ಕೆ ಚರ್ಚಿನ ವಿಚಾರಣೆಯೋರು ಆಚೆ ಬೀದಿ ಮೆನ್ಸಿಯಾನ ಸುಟ್ಟುಹಾಕಿದ್ರಲ್ಲ, ಮರೆತ್ಯಾ?"



"ಅದು ಯೆಹೂದಿಗಳದ್ದು ಅಂತ ನಿಮಗ್ಹೇಗೆ ಗೊತ್ತು ಅತ್ತೆ?"

"ನಮ್ಮಮ್ಮನೂ ಎಸೀತಿದ್ಲು. ನಡಿ ಈಗ."

ಹಸಿ ಹಿಟ್ಟನ್ನು ಹಾಗೇ ಹೊತ್ತು ಇಬ್ಬರೂ ಹೊರಟುಹೋದರು. ನನ್ನ ಸರದಿ ಬಂತು. ಬೆರಳುಗಳ ನಡುವೆ ಆಗಲೇ ಚಿವುಟಿಟ್ಟುಕೊಂಡಿದ್ದ ಚೂರನ್ನು ಮತ್ತೆ ಮುದ್ದೆಗೇ ಒತ್ತಿಬಿಟ್ಟೆ.