ಬಿಳಿ ಶೂಗೆ ನೀಲಿ ಅಲೆ

ನಗಬೇಡಿ ಭಾವ, ಮ್ಯೂಸಿಯಂ ತೋರಿಸೋ ಆ ಹುಡುಗಿ ಇತ್ಲಾಗೇ ನೋಡ್ತಿದ್ದಾಳೆ... ನಗಬೇಡಿ ಅಂದ್ರೆ! ನನಗೇ ತಡ್ಕೊಳ್ಳೋಕಾಗ್ತಿಲ್ಲ. ಕೇಳಿಸ್ತಲ್ಲ ಏನಂದಳು? ‘ಪಕ್ಕದಲ್ಲಿರೋ ಈ ನೀಲಿ ಅಲೆ ಒಂದು ತಲೆಮಾರಿನ ಚಡಪಡಿಕೆಯ ಸಂಕೇತ.’ ಚಡಪಡಿಕೆಯಂತೆ! ಹೌದಮ್ಮಾ, ಚಡಪಡಿಸಿದ್ದು ನಿಜ. ಮ್ಯಾನೇಜರು ಚಡಪಡಿಸಿದ್ರು, ಮೂರು ಸಾವಿರ ಜೊತೆ ಶೂ ಹಾಳಾಯ್ತಲ್ಲಾ ಅಂತ!

ಕೂತ್ಕೊಳ್ಳಿ, ಈ ಬೆಂಚಿನ ಮೇಲೇ. ಸಭೆ ಶುರುವಾಗೋಕೆ ಇನ್ನೂ ಅರ್ಧ ಗಂಟೆ ಇದೆ. ನಾವು ಬೆವರು ಸುರಿಸಿದ ಕಟಿಂಗ್ ಸೆಕ್ಷನ್ ನೋಡಿ ಈಗ ಹೇಗಾಗಿದೆ! ಗಾಜಿನ ಗೋಡೆ, ತಣ್ಣನೆ ಗಾಳಿ. ಇಲ್ಲೇ ಅಲ್ವಾ ನಿಮ್ಮ ಮೇಜಿದ್ದದ್ದು? ಈಗ ಅಲ್ಲಿ ಒಂದೇ ಒಂದು ಶೂ ಸುತ್ತಾಕ್ತಾ ಕೂತಿದೆ, ಹಾರ ಹಾಕೋದೊಂದು ಬಾಕಿ.

ನನ್ನ ಭಾಷಣ ಕೇಳ್ತೀರಾ? ಅವರೇ ಬರ್ಕೊಟ್ಟಿದ್ದಾರೆ. ‘ನಿವೃತ್ತ ಮುಖ್ಯ ವಿನ್ಯಾಸಕರು’ ಅಂದ್ರೆ ನಾನು. ‘ಸಮುದ್ರ ತೀರದಲ್ಲಿ ನಿಂತಿದ್ದಾಗ ನನಗೆ ಈ ರೇಖೆ ಹೊಳೆಯಿತು...’ ಅಯ್ಯೋ! ಆಗ ನಾನು ಸಮುದ್ರದ ಮುಖಾನೇ ನೋಡಿರಲಿಲ್ಲ ಭಾವ!

ಹೊಳೀತಂತೆ! ಹೊಳೆಯೋಕೆ ಅದೇನಿತ್ತು ಹೇಳಿ. ಶಾಲೆ ಮಕ್ಕಳು ಡ್ರಿಲ್ಲಿಗೆ ಹಾಕ್ಕೊಳ್ಳೋ ಬಿಳಿ ಕ್ಯಾನ್ವಾಸ್ ಶೂ. ಮೂತಿಗೆ ರಬ್ಬರು, ಅಡಿಗೆ ರಬ್ಬರು, ಮಧ್ಯೆ ಬಟ್ಟೆ. ಒಂದು ವಾರದಲ್ಲಿ ಹಳದಿ, ಎರಡು ವಾರದಲ್ಲಿ ಹೆಬ್ಬೆರಳು ಹೊರಗೆ. ಯಾರೂ ಪ್ರೀತಿಯಿಂದ ಕೊಂಡವರಲ್ಲ, ಮೇಷ್ಟ್ರ ಹೆದರಿಕೆಗೆ ಕೊಂಡವರು. ಆಮೇಲೆ ಆ ಬೇಸಿಗೇಲಿ ಶೂ ಪಕ್ಕದ ತುಂಡುಗಳೆಲ್ಲ ಗಿಡ್ಡ ಬಂದ್ವು. ಹೆಬ್ಬೆಟ್ಟಿನಗಲ ಗಿಡ್ಡ! ಹೊಲಿಗೆಯವರು ಎಳೆದೂ ಎಳೆದೂ ನೋಡಿದ್ರು. ಮುಂದಿನ ತುಂಡಿಗೆ ಮುಟ್ಟಲೇ ಇಲ್ಲ. ಕೊನೆಗೆ ಒಂದು ಚೂರು ತೇಪೆ ಸೇರಿಸಿದ್ರು. ಆ ಜೋಡಣೆ ಅಸಹ್ಯವಾಗಿ ಕಾಣ್ತಿತ್ತು ಅಂತ, ಡೇರೆ ಹೊಲಿದು ಉಳಿದಿದ್ದ ನೀಲಿ ಪಟ್ಟಿ ಅದರ ಮೇಲೆ ಹೊಲಿದ್ವಿ. ನೇರ ಹೊಲಿಯೋಕೆ ಬರಲಿಲ್ಲ, ಕೆಳಗೆ ತೇಪೆ ಸೊಟ್ಟಗಿತ್ತಲ್ಲ? ಪಟ್ಟೀನೂ ಸೊಟ್ಟಗಾಯ್ತು. ತಗೊಳ್ಳಿ, ಅಲೆ!

ಆದ್ರೆ ಒಂದು ಮಾತು ನಿಜ ಭಾವ. ಆ ಜೋಡಣೆ ಸರಿಯಾಗಿ ಪಾದ ಮಡಚೋ ಜಾಗಕ್ಕೇ ಬಂತು. ಒಂದೇ ಬಟ್ಟೆಯಾಗಿದ್ದಾಗ ಅಲ್ಲೇ ಕಚ್ಚೋದು, ಬೊಕ್ಕೆ ಬರೋದು. ಎರಡು ತುಂಡಾದ ಮೇಲೆ ಶೂ ಕಾಲಿನ ಜೊತೆ ಬಗ್ಗೋಕೆ ಕಲೀತು. ಅಗಲ ಪಾದದವರಿಗೂ ಆ ನೀಲಿ ಗೆರೆಯಿಂದ ಕಾಲು ಸಣ್ಣಗೆ ಕಾಣೋದು. ಇಷ್ಟೇ ಗುಟ್ಟು. ಹೋಟೆಲಲ್ಲಿ ದಿನವಿಡೀ ನಿಂತಿರೋರು ಹಾಕ್ಕೊಂಡ್ರು, ಆಸ್ಪತ್ರೆ ನರ್ಸುಗಳು ಹಾಕ್ಕೊಂಡ್ರು, ಗೋಡೆಗೆ ಬಣ್ಣ ಹಚ್ಚೋರು ಹಾಕ್ಕೊಂಡ್ರು. ಆಮೇಲೆ ಓಟದ ಹುಡುಗಿಯೊಬ್ಬಳು ಇದನ್ನ ಹಾಕ್ಕೊಂಡು ಗೆದ್ದಳು. ‘ಅವಳೇ ಇಷ್ಟಪಟ್ಟು ಆರಿಸಿಕೊಂಡಳು’ ಅಂತ ಅಲ್ಲಿ ಬರೆದಿದ್ದಾರೆ ನೋಡಿ. ಎಲ್ಲಿಂದ ಇಷ್ಟಪಡ್ತಾಳೆ? ಅಂಗಡೀಲಿ ಅವಳ ಅಳತೆಗೆ ಇದ್ದದ್ದು ಇದೊಂದೇ!

ಮಧ್ಯೆ ಗಾಳಿ ತುಂಬಿದ ಶೂ ಬಂತು, ಹಿಮ್ಮಡೀಲಿ ದೀಪ ಮಿಣುಕೋ ಶೂ ಬಂತು. ಇದರ ಕಥೆ ಮುಗೀತು ಅಂದ್ರು. ಎಲ್ಲಿ ಮುಗೀತು? ನನ್ನ ಮೊಮ್ಮಗಳು ಹೊಸದನ್ನ ತಂದು ಮಣ್ಣಲ್ಲಿ ಉಜ್ಜುತಾಳೆ. ‘ಯಾಕೇ?’ ಅಂದ್ರೆ ‘ಹೊಸದಾಗಿ ಕಂಡ್ರೆ ಮರ್ಯಾದೆ ಇಲ್ಲ ತಾತ’ ಅಂತಾಳೆ. ನಾವು ಸುಣ್ಣ ಬಳ್ಕೊಂಡು ಬಿಳಿ ಮಾಡ್ಕೊಂಡ್ವಿ, ಇವು ಕೊಳೆ ಮಾಡ್ಕೊಳ್ತವೆ!

...ಎಲ್ಲಿಗೆ ಎದ್ರಿ? ಮಂಡಿ ನೋವು ಅಂತಿದ್ರಿ, ಕೂತ್ಕೊಳ್ಳಿ ಸುಮ್ನೆ. ಏನಿದೆ ಆ ಗಾಜಿನ ಪೆಟ್ಟಿಗೇಲಿ? ಹಳೇ ರಟ್ಟು. ಪ್ಯಾಟರ್ನು. ಅದನ್ನಿಟ್ಟು ಬಟ್ಟೆ ಕತ್ತರಿಸ್ತಿದ್ದದ್ದು... ನಿಮಗೆ ನಾನು ಹೇಳಬೇಕಾ? ಹನ್ನೆರಡು ವರ್ಷ ಕತ್ತರಿಸಿದವರು ನೀವು. ಬನ್ನಿ, ಕಾಫಿ ಕೊಡ್ತಿದ್ದಾರಂತೆ.

ಬನ್ನಿ ಅಂದೆನಲ್ಲ ಭಾವ.

ಕನ್ನಡಕ ಯಾಕೆ ಹಾಕ್ಕೊಂಡ್ರಿ? ಓದೋಂಥದ್ದು ಏನೂ ಇಲ್ಲ ಅದರಲ್ಲಿ. ಬೀರು ಹಿಂದೆ ಬಿದ್ದಿತ್ತಂತೆ, ಯಂತ್ರ ಸಾಗಿಸುವಾಗ ಸಿಕ್ತಂತೆ, ‘ಮೂಲ ಪ್ಯಾಟರ್ನ್’ ಅಂತ ಚೀಟಿ ಅಂಟಿಸಿಬಿಟ್ಟಿದ್ದಾರೆ. ಇವಕ್ಕೇನು ಗೊತ್ತು? ಎರಡು ರಟ್ಟಿದ್ವು. ಒಂದು... ಹೌದು, ಆ ಅಂಕಿ ನನ್ನ ಕೈಬರಹಾನೇ. ಆಗಿನ್ನೂ ಹೊಸಬ, ಎಲ್ಲದರ ಮೇಲೂ ಅಂಕಿ ಬರೆದು ಸಹಿ ಹಾಕೋ ಚಟ. ಸೇರ್ಕೊಂಡು ಐದು ತಿಂಗಳು. ನೀವೇ ಮಾತಾಡಿ ಸೇರಿಸಿದ್ದು. ‘ನನ್ನ ಹೆಂಡತಿ ತಮ್ಮ, ಕೈ ಚೊಕ್ಕ’ ಅಂದಿದ್ರಿ. ಚೊಕ್ಕ!

ಯಾಕೆ ಬೆರಳಿಟ್ಟು ಅಳೀತೀರಿ ಗಾಜಿನ ಮೇಲೆ? ಬಿಡಿ... ಬಿಡಿ ಭಾವ. ಗಿಡ್ಡ ಇದೆ. ಹೆಬ್ಬೆಟ್ಟಿನಗಲ ಗಿಡ್ಡ ಇದೆ. ನಾನೇ ಬರೆದದ್ದು.

ನಿಮ್ಮ ಕತ್ತರಿ ತಪ್ಪಲಿಲ್ಲ. ನಾನು ಕೊಟ್ಟ ಗೆರೆ ಮೇಲೇ ನಡೀತು. ಅವತ್ತು ಮಧ್ಯಾಹ್ನ ಮ್ಯಾನೇಜರು ‘ರಟ್ಟು ತನ್ನಿ’ ಅಂದಾಗ ನಾನು ಓಡಿಹೋಗಿ ಹೊಸದು ಮಾಡಿ ಕೊಟ್ಟೆ, ಸರಿಯಾದದ್ದು. ಇದನ್ನ ಬೀರು ಹಿಂದಕ್ಕೆ ತಳ್ಳಿದೆ. ‘ರಟ್ಟು ಸರಿಯಾಗೇ ಇದೆ ಸಾರ್’ ಅಂದೆ. ಹನ್ನೆರಡು ವರ್ಷದ ಕೆಲಸಗಾರ, ಬಯ್ದು ಬಿಡ್ತಾರೆ ಅಂದ್ಕೊಂಡಿದ್ದೆ ಭಾವ, ದೇವರಾಣೆ. ಬಯ್ದು ಬಿಡ್ಲಿಲ್ಲ, ಕೆಲಸದಿಂದಾನೇ ಬಿಡಿಸಿದ್ರು. ನೀವು ಬೀದಿ ತಿರುವಲ್ಲಿ ಕೂತು ಚೀಲದ ಜಿಪ್ ರಿಪೇರಿ ಮಾಡ್ತಿದ್ರಿ, ನಾನು ನೀಲಿ ಅಲೆಯ ಜನಕ ಆದೆ. ಅಕ್ಕ ಸಾಯೋವರೆಗೂ ‘ನಿನ್ನ ಭಾವಂದು ಮೊದಲಿಂದ್ಲೂ ದುಡುಕು ಕೈ’ ಅನ್ನೋಳು, ನಾನು ಅವಳೆದುರಿಗೆ ಕೂತು ಊಟ ಮಾಡ್ತಿದ್ದೆ. ಹೂಂ ಅಂತಿದ್ದೆ.

ಏನಾದ್ರೂ ಅನ್ನಿ. ಯಾಕೆ ಹಾಗೆ ನೋಡ್ತೀರಿ? ಬೆಚ್ಚಿಬೀಳಬೇಕಿತ್ತಲ್ಲ ನೀವು... ಕೋಪ ಬರಬೇಕಿತ್ತಲ್ಲ...

ಗೊತ್ತಿತ್ತಾ?

ಯಾವತ್ತಿಂದ? ...ಅವತ್ತೇನಾ? ಕತ್ತರಿಸಿದ ತುಂಡು ಕೈಲಿ ಹಿಡ್ಕೊಂಡು ಮ್ಯಾನೇಜರ ರೂಮಿಗೆ ಹೋದ್ರಲ್ಲ, ಆಗಲೇ ಆ ಹೊಸ ರಟ್ಟಿನ ಮೇಲಿಟ್ಟು ಅಳೆದು ನೋಡಿದ್ರಾ? ಮತ್ತೆ ಯಾಕೆ ಸುಮ್ನೆ ಬಂದ್ರಿ? ನಾನು ಖಾಯಂ ಆಗೋಕೆ ಇನ್ನೊಂದೇ ತಿಂಗಳಿತ್ತು, ಅದಕ್ಕಾ? ಅಕ್ಕನಿಗೂ ಹೇಳ್ಲಿಲ್ವಾ? ನಲವತ್ತೊಂದು ವರ್ಷ ನನ್ನ ಪಕ್ಕ ಕೂತು, ನನ್ನ ಮಾತಿಗೆಲ್ಲ ನಕ್ಕು...

ನನ್ನ ಹೆಸರು ಕರೀತಿದ್ದಾರೆ. ಕೇಳಿಸ್ತಿದೆ. ಹೋಗಲ್ಲ ನಾನು. ಈ ಹಾಳೆ ಓದಲ್ಲ. ಬಯ್ಯಿರಿ ಭಾವ, ಒಂದೇ ಒಂದು ಮಾತು ಬಯ್ಯಿರಿ, ಆಮೇಲೆ ಏನು ಹೇಳು ಅಂದ್ರೂ ಮೈಕಲ್ಲಿ ಹೇಳ್ತೀನಿ...

ಏನ್ಮಾಡ್ತಿದ್ದೀರಿ? ಬೇಡ... ನನ್ನ ಕಾಲರ್ ಯಾಕೆ ಸರಿಮಾಡ್ತೀರಿ? ಬೇಡ ಭಾವ, ಹೊಡೀರಿ... ಹೊಡೀರಿ, ಕಾಲರ್ ಸರಿಮಾಡಬೇಡಿ...